ಹದಿನೇಳರ ಚೌಡಕ್ಕ

ತೋಪಿನಹಟ್ಟಿಯ ಜಂಪಣ್ಣ ತನ್ನ ನಲವತ್ತೆಂಟು ವರ್ಷದ ಬಾಳಿನಲ್ಲಿ ಯಾವುದಕ್ಕೂ ತಾನಾಗಿ ಮುಂದೆ ಬಂದವನಲ್ಲ. ಮದುವೆಯಲ್ಲೂ ಅವನನ್ನು ಹಿಂದಿನಿಂದ ತಳ್ಳಿಯೇ ಹಸೆಮಣೆಯ ಮೇಲೆ ಕೂರಿಸಿದ್ದು ಎಂದು ಹೆಂಡತಿ ಪುಷ್ಪಾ ಈಗಲೂ ಹೇಳುತ್ತಾಳೆ. ಅಂಥವನು ಗ್ರಾಮ ಪಂಚಾಯಿತಿ ಸಭೆಯಲ್ಲಿ ಎಲ್ಲರೆದುರು ಕೈ ಎತ್ತಿಬಿಟ್ಟ. ಎತ್ತಿದ್ದು ಒಂದು ನಿಮಿಷ ಹೊರಗೆ ಹೋಗಿ ಬರಲೇ ಎಂದು ಕೇಳಲು. ಸರ್ಕಾರ ಅದನ್ನು ಬೇರೆ ರೀತಿ ತಿಳಿದುಕೊಂಡಿತು.

ಜಗಳೂರಿನಿಂದ ಬಿಳಿಚೋಡಿನ ಕಡೆಗೆ ಹೋಗುವ ಬಸ್ಸು ಮಧ್ಯೆ ಬೇಸರದಿಂದ ನಿಂತು ಹೋಗುವ ಊರು ತೋಪಿನಹಟ್ಟಿ. ಅಲ್ಲಿ ಬೀಡಿ, ಗುಟ್ಕಾ, ಹೊಗೆಸೊಪ್ಪು ಮಾರುವ ಅಂಗಡಿಗಳು ಏಳು. ತಂಬಾಕು ನಿಯಂತ್ರಣದ ಸಭೆಗೆ ಏಳೂ ಜನಕ್ಕೆ ಕರೆ ಹೋಗಿತ್ತು. ಆರೋಗ್ಯ ಇಲಾಖೆಯ ಜೀಪು ಕೆರೆ ಏರಿಯ ಮೇಲೆ ಕಂಡ ಕೂಡಲೇ ಆರು ಜನ ಬಾಗಿಲು ಹಾಕಿ ಮೆಕ್ಕೆಜೋಳದ ಹೊಲಗಳಲ್ಲಿ ಮಾಯವಾದರು. ಜಂಪಣ್ಣನಿಗೆ ಜೀಪು ಕಾಣಲಿಲ್ಲ, ಮೂಟೆಗೆ ಒರಗಿ ನಿದ್ದೆ ಮಾಡುತ್ತಿದ್ದ. ನೀರುಗಂಟಿ ಬಂದು ಎಬ್ಬಿಸಿ ಕರೆದುಕೊಂಡು ಹೋದ.

ಹೀಗಾಗಿ ಸಭೆಯಲ್ಲಿ ಒಬ್ಬನೇ ಸಭಿಕ. ಪಂಚಾಯಿತಿ ಅಧಿಕಾರಿ ಸಂಧ್ಯಾರಾಣಿ ಮೇಡಂ ಮತ್ತು ಆರೋಗ್ಯ ನಿರೀಕ್ಷಕ ಗುರುಬಸವರಾಜ್ ಇಬ್ಬರೂ ಮೈಕು ಹಿಡಿದು ಅವನೊಬ್ಬನಿಗೇ ಒಂದೂವರೆ ಗಂಟೆ ತಿಳಿಹೇಳಿದರು. ಇಪ್ಪತ್ತೊಂದು ವರ್ಷ ತುಂಬದವರಿಗೆ ತಂಬಾಕು ಮಾರಿದರೆ ಕೇಸು. ಶಾಲೆಯಿಂದ ನೂರು ಗಜದೊಳಗೆ ಮಾರಿದರೂ ಕೇಸು. ಅನುಮಾನ ಬಂದರೆ ವಯಸ್ಸಿನ ದಾಖಲೆ ಕೇಳಬೇಕು, ರಿಜಿಸ್ಟರಿನಲ್ಲಿ ಬರೆದಿಡಬೇಕು. "ಈ ಊರಿಂದ ಒಬ್ಬರಾದ್ರೂ ಮಾದರಿ ಅಂಗಡಿ ಮಾಡ್ತೀನಿ ಅಂತ ಮುಂದೆ ಬರ್ರಿ" ಎಂದು ಮೇಡಂ ಖಾಲಿ ಕುರ್ಚಿಗಳನ್ನು ಬೇಡಿಕೊಳ್ಳುತ್ತಿದ್ದಾಗಲೇ ಜಂಪಣ್ಣನಿಗೆ ತಡೆಯಲಾಗದೆ ಕೈ ಮೇಲೆ ಹೋಯಿತು. ಇಬ್ಬರೂ ಚಪ್ಪಾಳೆ ತಟ್ಟಿದರು. ನೀರುಗಂಟಿಯೂ ತಟ್ಟಿದ.

ಹೊರಗೆ ಹೋಗಿ ಬಂದ ಮೇಲೆ ಇಲ್ಲ ಅನ್ನಬಹುದಿತ್ತು. ಆದರೆ ಅಷ್ಟರಲ್ಲಿ ಗುರುಬಸವರಾಜ್ ಇನ್ನೊಂದು ಮಾತು ಹೇಳಿದ್ದರು. ಹದಿನೈದು ದಿನ ಒಂದೂ ತಪ್ಪಿಲ್ಲದೆ ನಡೆಸಿದರೆ ದಾವಣಗೆರೆಯಲ್ಲಿ ಸನ್ಮಾನ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಎಲ್ಲಾ ಕಡೆಯ ಅಂಗಡಿಗಳೂ ಪೈಪೋಟಿಗೆ ಇವೆ. ಗೆದ್ದವನಿಗೆ ಶಾಲು, ಹಾರ, ಪ್ರಮಾಣಪತ್ರ. ಜಂಪಣ್ಣನಿಗೆ ಈವರೆಗೆ ಯಾರೂ ಶಾಲು ಹೊದಿಸಿರಲಿಲ್ಲ, ಜ್ವರ ಬಂದಾಗ ಪುಷ್ಪಾ ಹೊದಿಸುವ ಕಂಬಳಿ ಬಿಟ್ಟರೆ. ಶಾಲು ಬೇಕು ಅನ್ನಿಸಿತು. ಇಷ್ಟು ಆಸೆ ಅವನಿಗೆ ಬಹಳ ವರ್ಷದಿಂದ ಬಂದಿರಲಿಲ್ಲ, ಬಂದಿದ್ದಕ್ಕೇ ಅರ್ಧ ಸುಸ್ತಾದ.

"ಓಣೀಲಿ ಹೋಗೋ ಮಾರಿನ ಮನೆಗೆ ಕರಕಂಡು ಬಂದ್ಯಲ್ಲ" ಎಂದಳು ಪುಷ್ಪಾ, ಇಪ್ಪತ್ತೊಂದು ತುಂಬದವರಿಗೆ ತಂಬಾಕು ಇಲ್ಲ ಎಂದು ಇಲಾಖೆಯವರು ಅಂಗಡಿಗೆ ತಗುಲಿಹಾಕಿದ ಬೋರ್ಡು ನೋಡಿ.

ಅನುಮಾನ ಬಂದರೆ ದಾಖಲೆ ಕೇಳಿ ಎಂದಿದ್ದರು ಗುರುಬಸವರಾಜ್. ಜಂಪಣ್ಣನ ತೊಂದರೆ ಏನೆಂದರೆ ಅವನಿಗೆ ತನ್ನ ಅನುಮಾನದ ಮೇಲೇ ನಂಬಿಕೆ ಇಲ್ಲ. ಮುಖ ನೋಡಿ ವಯಸ್ಸು ಹೇಳಲು ಹೋಗಿ ಹಿಂದೊಮ್ಮೆ ಹೊಸ ಮೇಷ್ಟ್ರ ಹೆಂಡತಿಯನ್ನು ಅವರ ತಾಯಿ ಎಂದುಬಿಟ್ಟಿದ್ದ. ಆದ್ದರಿಂದ ಯಾರನ್ನೂ ಬಿಡದೆ ಎಲ್ಲರ ಆಧಾರ್ ಕಾರ್ಡೂ ನೋಡುವುದೆಂದು ತೀರ್ಮಾನಿಸಿದ. ಮೊದಲು ಸಿಕ್ಕಿದವನು ಪುಷ್ಪಾಳ ಅಣ್ಣ ಮೂಕಪ್ಪ, ವಯಸ್ಸು ಐವತ್ತೈದು, ಮೊಮ್ಮಕ್ಕಳು ಮೂರು.

"ಒಂದು ಕಟ್ಟು ಬೀಡಿ ಕೊಡೋ."

"ಆಧಾರ್ ಕಾರ್ಡ್ ತೋರ್ಸು ಭಾವ."

ಮೂಕಪ್ಪ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳುತ್ತಿದ್ದಾನೆ ಎಂದುಕೊಂಡು. ಯಾರೂ ಇರಲಿಲ್ಲ. "ಲೇ, ನನ್ ತಂಗೀನ ನಿಂಗೆ ಕೊಡಬೇಕಾದ್ರೆ ನಾನು ನಿನ್ ಆಧಾರ್ ಕಾರ್ಡ್ ಕೇಳಿದ್ನೇನೋ?"

"ಆವಾಗ ಆಧಾರ್ ಇರ್ಲಿಲ್ಲ ಭಾವ."

"ಇದ್ದಿದ್ರೆ ಕೇಳ್ತಿದ್ದೆ ಕಣೋ. ನೋಡಿ ವಾಪಸ್ಸೂ ಕಳಿಸ್ತಿದ್ದೆ."

ಹೀಗೆ ಶುರುವಾಯಿತು. ಬೀಡಿ ಕೇಳಲು ಬಂದ ಕುರಿಗಾಹಿಗಳು ಬೈದರು, ಟ್ರ್ಯಾಕ್ಟರಿನವರು ನಕ್ಕರು. ಕಾಲೇಜಿನ ಹುಡುಗರು ಮಾತ್ರ ಬೈಯಲೂ ಇಲ್ಲ, ನಗಲೂ ಇಲ್ಲ, ಸುಮ್ಮನೆ ಆಚೆ ಆರು ಅಂಗಡಿಗಳಿಗೆ ಹೋದರು. ಯೋಜನೆ ಇದ್ದದ್ದು ಅವರಿಗಾಗಿ. ಆದರೆ ಯೋಜನೆಗೂ ಜಂಪಣ್ಣನಿಗೂ ಇದ್ದ ಕೈ ಎರಡೇ, ಏಳು ಅಂಗಡಿಗೆ ಎಲ್ಲಿ ಸಾಲಬೇಕು?

ಮೂರನೆಯ ದಿನ ಬೆಳಗ್ಗೆ ಚೌಡಕ್ಕ ಬಂದಳು.

ಚೌಡಕ್ಕ ಎಂದರೆ ಆ ಅಂಗಡಿಯ ಮುಂದಿನ ಕಲ್ಲುಬೆಂಚಿನಷ್ಟೇ ಹಳಬಳು. ಜಂಪಣ್ಣನ ಅಪ್ಪ ಅಂಗಡಿ ಇಟ್ಟ ದಿನ ಬೋಣಿ ಮಾಡಿದವಳು ಅವಳು. ಅಂದಿನಿಂದ ದಿನಾ ಬೆಳಗ್ಗೆ ನಾಲ್ಕು ಎಲೆ, ಒಂದು ಅಡಿಕೆ, ಒಂದು ಚೂರು ಹೊಗೆಸೊಪ್ಪು. ಬೇರೆ ಅಂಗಡಿಯ ಮೆಟ್ಟಿಲು ತುಳಿದವಳಲ್ಲ. ಬಾಯಲ್ಲಿ ಮೂರು ಹಲ್ಲು, ಕೈಯಲ್ಲಿ ಕೋಲು.

"ಆಧಾರ್ ಕಾರ್ಡ್ ತೋರ್ಸು ಚೌಡಕ್ಕ" ಎಂದ ಜಂಪಣ್ಣ, ಇದು ಬರೀ ಶಾಸ್ತ್ರಕ್ಕೆ ಎಂದುಕೊಂಡು.

ಅವಳು ಸೊಂಟದ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯ ಕಾರ್ಡು ತೆಗೆದು ಕೊಟ್ಟಳು. ಜಂಪಣ್ಣ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಹೆಸರು ಚೌಡಕ್ಕ, ಫೋಟೋ ಚೌಡಕ್ಕನದೇ. ಹುಟ್ಟಿದ ವರ್ಷ ಎರಡು ಸಾವಿರದ ಎಂಟು. ಬೆರಳು ಮಡಚಿ ಎಣಿಸಿದ. ಹದಿನೇಳು.

"ಚೌಡಕ್ಕ, ಇದ್ರಾಗೆ ನಿಂಗೆ ಹದಿನೇಳು ವರ್ಷ ಅಂತ ಐತಲ್ಲ!"

"ಹೂಂ ಕಣಪ್ಪ" ಎಂದು ಅವಳು ಬೆಂಚಿನ ಮೇಲೆ ಕೂತಳು. "ಆಧಾರ್ ಕ್ಯಾಂಪ್ ಹಾಕಿದ್ರಲ್ಲ, ಆ ಹುಡುಗ ಒಂದ್ ಕೈಯಾಗೆ ಮೊಬೈಲ್ ನೋಡ್ಕಂತ ಇನ್ನೊಂದ್ ಕೈಯಾಗೆ ಒತ್ತಿದ. ಅವ್ನು ಒತ್ತಿದ್ದಕ್ಕೆ ನಾನು ಹುಡುಗಿ ಆದೆ. ಎಂಟು ತಿಂಗಳಾತು ವೃದ್ಧಾಪ್ಯ ವೇತನ ನಿಂತು. ಮುದುಕರಿಗೆ ಕೊಡೋ ದುಡ್ಡು, ನಿಂಗಿನ್ನೂ ಬರಲ್ಲ ಅಂತೈತಂತೆ ಕಂಪ್ಯೂಟರ್."

"ತಿದ್ದಿಸ್ಬೇಕವ್ವ."

"ತಿದ್ಸಾಕೆ ಹುಟ್ಟಿದ್ದಕ್ಕೆ ದಾಖಲೆ ತಾ ಅಂತಾರೆ. ನಾನು ಹುಟ್ಟಿದ್ದು ನೋಡಿದೋರೆಲ್ಲಾ ಸತ್ತವ್ರೆ, ನಾನೊಬ್ಬಳೇ ಉಳಿದಿರೋದು. ದೊಡ್ಡಾಸ್ಪತ್ರೆ ಡಾಕ್ಟ್ರು ವಯಸ್ಸಿನ ಸರ್ಟಿಫಿಕೇಟ್ ಕೊಟ್ರೆ ಸಾಕಂತೆ. ಆಸ್ಪತ್ರೆಗೆ ಹೋದ್ರೆ ಯಾವ್ದಾರ ಆಫೀಸಿಂದ ಪತ್ರ ತಗಂಡು ಬಾ ಅಂತಾರೆ. ಆಫೀಸಿಗೆ ಹೋದ್ರೆ ಹಂಗೆ ಪತ್ರ ಬರಿಯಾಕೆ ನಮಗೆ ಅಧಿಕಾರ ಇಲ್ಲ ಅಂತಾರೆ. ಐದು ಸಲ ಹೋಗಿ ಬಂದೆ. ಅಳಿಯನ ಮನೇಲಿ ಇರಾಕಿ ನಾನು, ಕಣ್ಣಿನ ಔಷಧಿಗೂ ಅವ್ನ ಮುಂದೆ ಕೈ ಚಾಚ್ಬೇಕು. ನಾಚ್ಕೆ ಆಗ್ತೈತೆ ಜಂಪಾ. ಸರಿ, ಹೊಗೆಸೊಪ್ಪು ಕೊಡು."

ಜಂಪಣ್ಣ ಬೋರ್ಡು ನೋಡಿದ, ಕಾರ್ಡು ನೋಡಿದ, ಚೌಡಕ್ಕನ ಮೂರು ಹಲ್ಲು ನೋಡಿದ. ಬೋರ್ಡಿನಲ್ಲಿ ಇಪ್ಪತ್ತೊಂದು ಎಂದಿತ್ತು. ಶಾಲು ಕಣ್ಣ ಮುಂದೆ ಬಂತು.

"ಎಲೆ ಅಡಿಕೆ ಕೊಡ್ತೀನಿ. ಹೊಗೆಸೊಪ್ಪು ಕೊಡಾಕೆ ಬರಲ್ಲ ಚೌಡಕ್ಕ. ಇನ್ನು ನಾಲ್ಕು ವರ್ಷ ಬೇಕು."

ಚೌಡಕ್ಕ ಅವತ್ತು ಆಡಿದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹದಿನೇಳು ವರ್ಷದ ಯಾವ ಹುಡುಗಿಗೂ ಅಷ್ಟು ಬೈಗುಳ ಗೊತ್ತಿರಲು ಸಾಧ್ಯವಿಲ್ಲ ಎಂಬುದೊಂದನ್ನೇ ದಾಖಲೆಯಾಗಿ ಒಪ್ಪಿಕೊಂಡಿದ್ದರೆ ಅವಳ ಪೆನ್ಷನ್ ಅಂದೇ ಆಗಿಬಿಡುತ್ತಿತ್ತು. ಅವಳು ಹೋದ ಮೇಲೆ ಜಂಪಣ್ಣ ರಿಜಿಸ್ಟರಿನಲ್ಲಿ ದುಂಡಗೆ ಬರೆದ: ಚೌಡಕ್ಕ, ವಯಸ್ಸು ಹದಿನೇಳು, ಹೊಗೆಸೊಪ್ಪು ಕೇಳಿದರು, ಕೊಡಲಿಲ್ಲ.

ಮಾರನೆಯ ದಿನ ಅವಳು ಮತ್ತೆ ಬಂದಳು. ಬೇರೆ ಅಂಗಡಿಗೆ ಹೋಗು ಎಂದು ಅವನೇ ಬೇಡಿಕೊಂಡ. "ನಿಮ್ಮಪ್ಪನ ಅಂಗಡಿ ಬಿಟ್ಟು ಎಲ್ಲಿಗೂ ಹೋಗಲ್ಲ. ಕೊಡೋ ತನಕ ಬರ್ತೀನಿ" ಎಂದಳು. ಬಂದಳು, ಕೇಳಿದಳು, ಬೈದಳು, ಬರೀ ಎಲೆ ಅಡಿಕೆ ಅಗಿದುಕೊಂಡು ಹೋದಳು. ಹನ್ನೆರಡು ದಿನ. ರಿಜಿಸ್ಟರಿನಲ್ಲಿ ಹನ್ನೆರಡು ಸಾಲು.

ಊರಿಗೆ ಇದಕ್ಕಿಂತ ಬೇರೆ ಏನು ಬೇಕು? ಬಸ್ಸಿಗೆ ಕಾಯುವವರು ಬಸ್ಸು ಬಿಟ್ಟು ಇವಳಿಗೆ ಕಾಯತೊಡಗಿದರು. "ಏನವ್ವ, ಇವತ್ತು ಸ್ಕೂಲಿಲ್ವಾ?" ಎಂದು ಒಬ್ಬ. "ಹದಿನೇಳಕ್ಕೇ ಐವತ್ತು ವರ್ಷದ ಮಗಳು! ದೇವ್ರು ಕೊಟ್ರೆ ಹಿಂಗೆ ಕೊಡ್ಬೇಕು" ಎಂದು ಮೂಕಪ್ಪ. ಅಂಗನವಾಡಿಯ ಪ್ರೇಮಲತಾ ಒಂದು ದಿನ ಮಾತ್ರೆಯ ಪಟ್ಟಿ ಹಿಡಿದು ನೇರವಾಗಿ ಕಲ್ಲುಬೆಂಚಿಗೇ ಬಂದಳು.

"ಚೌಡಕ್ಕ, ಕೈ ಚಾಚು. ಕಬ್ಬಿಣದ ಮಾತ್ರೆ."

"ಯಾರಿಗವ್ವ?"

"ಹರೇದ ಹುಡುಗೀರಿಗೆ. ಕಂಪ್ಯೂಟರ್ ಪಟ್ಟೀಲಿ ನಿನ್ ಹೆಸರು ಬಂದೈತೆ. ಕೊಡ್ಲಿಲ್ಲ ಅಂದ್ರೆ ನನ್ನ ಕೇಳ್ತಾರೆ. ನುಂಗಿಬಿಡು, ನಂಗೂ ಸಾಕಾಗೈತೆ."

ಚೌಡಕ್ಕ ನುಂಗಿದಳು. ಎಂಟು ತಿಂಗಳಲ್ಲಿ ಸರ್ಕಾರ ಅವಳಿಗೆ ಕೊಟ್ಟದ್ದು ಅದೊಂದೇ. ಮೊದಮೊದಲು ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ಆಮೇಲೆ ನಗುವುದು ಬಿಟ್ಟಳು. ಬೈಯುವುದನ್ನೂ ಬಿಟ್ಟಳು. ಬೈಯದ ಚೌಡಕ್ಕನನ್ನು ನೋಡಿ ಜಂಪಣ್ಣನಿಗೆ ಊಟ ಸೇರದಾಯಿತು.

ಹದಿಮೂರನೆಯ ದಿನ ಜೀಪು ಬಂತು. ಈ ಸಲ ಬ್ಯಾನರಿನ ಸಮೇತ. ಸಂಧ್ಯಾರಾಣಿ ಮೇಡಂ ಇಳಿದವರೇ ಜಂಪಣ್ಣನ ಕೈ ಕುಲುಕಿದರು. ವಾರದ ಹಿಂದೆ ಅವರ ಸಿಬ್ಬಂದಿ ರಿಜಿಸ್ಟರಿನ ಫೋಟೋ ತೆಗೆದುಕೊಂಡು ಹೋಗಿದ್ದರು, ಅದು ವರದಿಯಾಗಿ ದಾವಣಗೆರೆ ಮುಟ್ಟಿತ್ತು.

"ಜಂಪಣ್ಣ, ಜಿಲ್ಲೇಲಿ ನಿಮ್ಮದೇ ಮಾತು ರೀ! ತಂಬಾಕಿಗೆ ಬಲಿಯಾಗುತ್ತಿದ್ದ ಹದಿನೇಳರ ಬಾಲಕಿಯನ್ನು ಸತತವಾಗಿ ತಡೆದ ಅಂಗಡಿಕಾರ. ಸನ್ಮಾನ ನಿಮಗೇ ಅಂತ ಹೆಚ್ಚುಕಡಿಮೆ ಆಗೈತೆ. ಆ ಹುಡುಗಿ ಜೊತೆ ಒಂದು ಫೋಟೋ ಬೇಕಂತೆ. ಎಲ್ಲಿ, ಕರೀರಿ."

ಜಂಪಣ್ಣ ಬೆಂಚಿನ ಕಡೆ ಕೈ ತೋರಿಸಿದ. ಮೇಡಂ ಬೆಂಚು ನೋಡಿದರು, ಬೆಂಚಿನ ಹಿಂದೆ ನೋಡಿದರು. "ಎಲ್ರೀ? ಇಲ್ಲಿ ಒಬ್ಬ ಅಜ್ಜಿ ಕುಂತವ್ರೆ ಅಷ್ಟೆ."

"ಅವಳೇ ಮೇಡಂ."

ಜೀಪಿನ ಚಾಲಕ ನಗಲು ಹೋಗಿ ಗುರುಬಸವರಾಜರ ಮುಖ ನೋಡಿ ಕೆಮ್ಮಿದ. ಕಾರ್ಡು ಬಂತು, ಕೈಯಿಂದ ಕೈಗೆ ಹೋಯಿತು. ಎಲ್ಲರೂ ಎರಡೆರಡು ಸಲ ಓದಿದರು. ಅಷ್ಟು ಹೊತ್ತಿಗೆ ಅರ್ಧ ಊರು ಸೇರಿತ್ತು, ಆರು ಅಂಗಡಿಯವರೂ ಹೊಲದಿಂದ ಎದ್ದು ಬಂದಿದ್ದರು.

"ನೀವು ಹದಿನೇಳು ಅಂತ ಬರ್ದಿದ್ರಿ, ನಾವು ಬಾಲಕಿ ಅಂತ ಬರೆದ್ವಿ. ತಪ್ಪು ಯಾರದ್ದು?" ಎಂದರು ಮೇಡಂ, ಕುರ್ಚಿಯ ಮೇಲೆ ಕುಸಿಯುತ್ತಾ.

"ಕಾರ್ಡು ಹಂಗೆ ಹೇಳ್ತು, ನಾನು ಹಂಗೆ ಬರೆದೆ."

"ವರದಿ ಹೋಗಿಬಿಟ್ಟೈತೆ. ವಾಪಸ್ ತರೋಕೆ ಆಗಲ್ಲ" ಎಂದು ಗುರುಬಸವರಾಜ್ ಹಣೆ ಒರೆಸಿಕೊಂಡರು. ಆಮೇಲೆ ಅವರಿಗೆ ಹೊಳೆಯಿತು. "ಮೇಡಂ, ಅಪ್ರಾಪ್ತರ ಮುಖ ಹೆಂಗೂ ತೋರಿಸೋ ಹಂಗಿಲ್ಲ. ಫೋಟೋದಲ್ಲಿ ಮುಖ ಮಸುಕು ಮಾಡಲೇಬೇಕು. ಮಸುಕು ಮಾಡೋದೇ ಆದ್ರೆ ಈ ಅಜ್ಜೀನೇ ನಿಲ್ಸಿದ್ರೂ ನಡೀತೈತೆ. ತಲೆಗೆ ಸೆರಗು ಹಾಕ್ಕಳ್ಲಿ. ಕೋಲು ಮಾತ್ರ ಪಕ್ಕಕ್ಕಿಡ್ರಿ."

ಮೇಡಂ ಬೇಡ ಎನ್ನಲಿಲ್ಲ. ಅವರಿಗೆ ಅಂದು ಇನ್ನೂ ನಾಲ್ಕು ಊರು, ಎರಡು ಸಭೆ, ಒಂದು ಕೆಟ್ಟ ಬೋರ್‌ವೆಲ್ ಬಾಕಿ ಇದ್ದವು. ಚೌಡಕ್ಕನನ್ನು ಎಬ್ಬಿಸಿ ಬ್ಯಾನರಿನ ಮುಂದೆ ನಿಲ್ಲಿಸಿದರು. ಕೋಲು ಇಲ್ಲದೆ ಅವಳು ವಾಲಿದಳು, ಪುಷ್ಪಾ ಬಂದು ಹಿಂದಿನಿಂದ ಹಿಡಿದುಕೊಂಡಳು.

"ಮೇಡಂ, ನಿಲ್ತೀನಿ, ಎಷ್ಟೊತ್ತು ಬೇಕಾದ್ರೂ ನಿಲ್ತೀನಿ" ಎಂದಳು ಚೌಡಕ್ಕ ಸೆರಗಿನೊಳಗಿನಿಂದ. "ಡಾಕ್ಟ್ರಿಗೆ ಒಂದು ಪತ್ರ ಬರ್ದು ಕೊಡ್ರವ್ವ. ನಾನು ಮುದುಕಿ ಅಂತ ಒಂದ್ ಮಾತು."

"ಅದು ನಮಗೆ ಬರಲ್ಲ ಅಜ್ಜಿ. ನಾವು ಇವತ್ತು ಬಂದಿರೋದು ತಂಬಾಕಿಗೆ ಮಾತ್ರ" ಎಂದರು ಮೇಡಂ. ದನಿಯಲ್ಲಿ ಕೋಪವೇನೂ ಇರಲಿಲ್ಲ, ದಣಿವಿತ್ತು.

ಗುರುಬಸವರಾಜ್ ಮೊಬೈಲನ್ನು ಎತ್ತಿ ಹಿಡಿಯುತ್ತಾ ಜಂಪಣ್ಣನಿಗೆ ಮೆಲ್ಲಗೆ ಹೇಳಿದರು: "ನೀವು ಮಾರಲಿಲ್ಲ ನೋಡಿ, ಬಚಾವ್ ಆದ್ರಿ. ಮಾರಿದ್ದಿದ್ರೆ ದೊಡ್ಡ ರಗಳೆ. ಕೇಸ್ ಹಾಕ್ಬೇಕು, ವಯಸ್ಸು ಸಾಬೀತು ಮಾಡಾಕೆ ನಾನೇ ಡಾಕ್ಟ್ರಿಗೆ ಪತ್ರ ಬರೀಬೇಕು, ಅವತ್ತೇ ಜೀಪಲ್ಲಿ ಜಗಳೂರಿಗೆ ಕರ್ಕಂಡ್ ಹೋಗಿ ಸರ್ಟಿಫಿಕೇಟ್ ತರಬೇಕು. ಒಂದಿನ ಪೂರ್ತಿ ಹಾಳು."

"ಯಾರು ಬರೀಬೇಕು?" ಎಂದ ಜಂಪಣ್ಣ.

"ನಾನೇ."

"ಅವತ್ತೇ?"

"ಅವತ್ತೇ. ನಗ್ರಿ ಸ್ವಲ್ಪ, ಫೋಟೋ ತೆಗೀತೀನಿ."

ಜಂಪಣ್ಣ ನಗಲಿಲ್ಲ. ಅವನಿಗೆ ಶಾಲು ಬೇಕಿತ್ತು, ನಿಜವಾಗಿ ಬೇಕಿತ್ತು. ಅಂಗಡಿಯೊಳಗೆ ಹೋಗಿ, ಡಬ್ಬದ ಮುಚ್ಚಳ ತೆಗೆದು, ಒಂದು ಚೂರು ಹೊಗೆಸೊಪ್ಪು ಕಾಗದದಲ್ಲಿ ಸುತ್ತಿದ. ಹೊರಗೆ ಬಂದು ಬ್ಯಾನರಿನ ಮುಂದೆ, ಮೊಬೈಲಿನ ಮುಂದೆ, ಊರಿನ ಮುಂದೆ ಚೌಡಕ್ಕನ ಕೈಗೆ ಇಟ್ಟ. ಆಮೇಲೆ ರಿಜಿಸ್ಟರು ಬಿಚ್ಚಿ ಬರೆಯುತ್ತಾ ಗಟ್ಟಿಯಾಗಿ ಓದಿದ: "ಚೌಡಕ್ಕ, ವಯಸ್ಸು ಹದಿನೇಳು. ಹೊಗೆಸೊಪ್ಪು ಕೇಳಿದರು. ಕೊಟ್ಟೆ. ಸಹಿ, ಜಂಪಣ್ಣ."

"ರೀ!" ಗುರುಬಸವರಾಜರ ಮೊಬೈಲು ಕೈಯಿಂದ ಜಾರಿತು. "ತಲೆ ಕೆಟ್ಟೈತೇನ್ರಿ ನಿಮಗೆ?"

"ಕೇಸ್ ಹಾಕ್ರಿ ಸಾರ್."

"ಯಾವ ಕೇಸ್ ರೀ? ಈಕೆ ಅಪ್ರಾಪ್ತೆ ಅಲ್ಲ, ಕಣ್ಣಿಗೆ ಕಾಣಲ್ವಾ?"

"ಹಂಗಂತ ಬರ್ದು ಕೊಡ್ರಿ."

"ಅದನ್ನ ಬರಿಯಾಕೆ ನಂಗೆ ಅಧಿಕಾರ ಇಲ್ಲ."

"ಹಂಗಾದ್ರೆ ಹದಿನೇಳೇ. ಕೇಸ್ ಹಾಕ್ರಿ."

ಗುರುಬಸವರಾಜ್ ಮೇಡಂ ಕಡೆ ನೋಡಿದರು. ಕಾರ್ಡು ಸರಿ ಎಂದರೆ ಕಣ್ಣೆದುರೇ ಅಪರಾಧ ನಡೆದಿದೆ, ಕೇಸು ಹಾಕಬೇಕು. ಕಾರ್ಡು ತಪ್ಪು ಎಂದರೆ ದಾವಣಗೆರೆಗೆ ಹೋದ ವರದಿ ಸುಳ್ಳು. ಸುತ್ತ ಇಪ್ಪತ್ತು ಮೊಬೈಲುಗಳು ವಿಡಿಯೋ ಮಾಡುತ್ತಿದ್ದವು. ಹದಿಮೂರು ದಿನದಿಂದ ನಗುತ್ತಿದ್ದ ಮೂಕಪ್ಪನೇ ಎಲ್ಲರಿಗಿಂತ ಮುಂದೆ ಬಂದು ನಿಂತ. "ಹಾಕ್ರಿ ಸಾರ್ ಕೇಸು. ಬಡವ್ರ ಹುಡುಗಿ ಅಂತ ಬಿಟ್ಬಿಡ್ತೀರೇನು?" ಎಂದು ಕೂಗಿದ. ಜನ ಹೋ ಎಂದರು.

ಸಂಧ್ಯಾರಾಣಿ ಮೇಡಂ ಎದ್ದರು. ಜಂಪಣ್ಣನ ಮುಖವನ್ನು ಒಂದು ಗಳಿಗೆ ನೋಡಿದರು. ಅವರಿಗೆ ಅರ್ಥವಾಯಿತು ಎಂದೇ ಕಾಣುತ್ತದೆ, ಏಕೆಂದರೆ ದನಿ ಮೆತ್ತಗಾಯಿತು. "ಪತ್ರ ಬರೀರಿ ಗುರುಬಸವರಾಜ್. ಜೀಪಲ್ಲಿ ಕರ್ಕಂಡ್ ಹೋಗ್ರಿ. ಜಂಪಣ್ಣ, ಕೇಸ್ ನಿಲ್ಲುತ್ತೋ ಬಿಡುತ್ತೋ ಗೊತ್ತಿಲ್ಲ. ಆದ್ರೆ ರಿಜಿಸ್ಟರಲ್ಲಿ ಮಾರಿದ್ದು ಬರ್ದಾಯ್ತು. ಸನ್ಮಾನದ ಪಟ್ಟೀಲಿ ನಿಮ್ಮ ಹೆಸರು ಇನ್ನು ಇರಲ್ಲ."

"ಗೊತ್ತೈತೆ ಮೇಡಂ."

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಗುರುಬಸವರಾಜ್ ಪತ್ರ ಬರೆದರು. ಎಂಟು ತಿಂಗಳಲ್ಲಿ ಆಗದ್ದು ನಾಲ್ಕು ನಿಮಿಷದಲ್ಲಿ ಆಯಿತು, ಸೀಲು ಹುಡುಕಿದ್ದೂ ಸೇರಿಸಿ. ಚೌಡಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಪುಷ್ಪಾ ಕೋಲನ್ನು ಕಿಟಕಿಯಿಂದ ಒಳಗೆ ಕೊಟ್ಟಳು.

ಮಧ್ಯಾಹ್ನ ಪಂಚಾಯಿತಿಯಿಂದ ಫೋನು ಬಂತು. ಸನ್ಮಾನ ಬಸವಾಪಟ್ಟಣದ ಕಡೆಯ ಒಂದು ಅಂಗಡಿಗೆ ಹೋಗುತ್ತದಂತೆ. ಆ ಅಂಗಡಿಯ ಬಾಗಿಲು ಮೂರು ತಿಂಗಳಿಂದ ಮುಚ್ಚಿತ್ತು, ಆದ್ದರಿಂದ ಅಲ್ಲಿ ಒಂದೂ ತಪ್ಪು ನಡೆದಿರಲಿಲ್ಲ. ಜಂಪಣ್ಣ ಹೂಂ ಎಂದು ಫೋನಿಟ್ಟ. ಪುಷ್ಪಾ ಏನೂ ಅನ್ನದೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಮದುವೆಯಾದಾಗಿನಿಂದ ಅವಳು ಏನೂ ಅನ್ನದೇ ಇದ್ದದ್ದು ಅಂದೇ ಮೊದಲು.

ಸಂಜೆ ಐದೂವರೆಯ ಬಸ್ಸಿಗೆ ಚೌಡಕ್ಕ ಇಳಿದಳು. ಕೆಲಸ ಮುಗಿದ ಮೇಲೆ ಜೀಪಿಗೆ ಅವಳನ್ನು ವಾಪಸು ತರುವ ಅಧಿಕಾರ ಇರಲಿಲ್ಲವಂತೆ. ಬೆಂಚಿನ ಮೇಲೆ ಕೂತು ಚೀಲದಿಂದ ಕಾಗದ ತೆಗೆದು ಕೊಟ್ಟಳು. ಜಂಪಣ್ಣ ಓದಿದ. ಅಂದಾಜು ಎಪ್ಪತ್ತಾರು ವರ್ಷ, ಕೆಳಗೆ ಡಾಕ್ಟರ ಸಹಿ, ದುಂಡು ಮೊಹರು.

"ಆತಲ್ಲ ಚೌಡಕ್ಕ! ಇನ್ನು ಪೆನ್ಷನ್ ಬರ್ತೈತೆ. ನಾಳೆ ನಾನೇ ಜೊತೆಗೆ ಬಂದು ಕೊಟ್ಟು ಬರ್ತೀನಿ."

ಅವಳು ಕಾಗದವನ್ನು ವಾಪಸು ಇಸಿದುಕೊಂಡು ಮಡಚಿದಳು. ನೋಡಿದರೆ ಕಣ್ಣಲ್ಲಿ ನೀರು. ಜಂಪಣ್ಣನಿಗೆ ಗಾಬರಿಯಾಯಿತು. "ಯಾಕೆ? ಯಾರಾರ ಏನಾರ ಅಂದ್ರಾ?"

"ಇಲ್ಲ ಕಣಪ್ಪ. ಡಾಕ್ಟ್ರಮ್ಮ ಕುರ್ಚಿ ಮೇಲೆ ಕುಂದ್ರಿಸಿ, ನಿಂಗೆ ಎಷ್ಟು ವಯಸ್ಸು ಅಜ್ಜಿ ಅಂದ್ಲು. ನಾನು ಕಾರ್ಡ್ ತೆಗಿಯಾಕೆ ಹೋದೆ. ಅದು ಬ್ಯಾಡ, ನೀನೇ ಹೇಳು ಅಂದ್ಲು." ಚೌಡಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಂಟು ತಿಂಗಳಾಗೆ ಒಬ್ರೂ ನನ್ನ ಕೇಳಿರ್ಲಿಲ್ಲ ಜಂಪಾ. ಎಲ್ಲಾರೂ ಕಾರ್ಡ್‌ನೇ ಕೇಳಿದ್ರು. ನಾನು ಹೇಳಿದೆ. ಮದುವೆ ಆಗಿದ್ದು, ಮೊದಲ್ನೇ ಮಗ ಹೋಗಿದ್ದು, ಊರಿಗೆ ಕರೆಂಟ್ ಬಂದಾಗ ಮಗಳು ಸುಧಾ ಹೊಟ್ಟೇಲಿ ಇದ್ದದ್ದು, ಎಲ್ಲಾ ಹೇಳಿದೆ. ಹೊರಗೆ ಅಷ್ಟು ಜನ ಕಾಯ್ತಿದ್ರು, ಆಕೆ ಕೇಳ್ಕಂತ ಬರ್ಕಂತ ಕುಂತಿದ್ಲು."

ಜಂಪಣ್ಣನಿಗೂ ಕಣ್ಣು ತುಂಬಿ ಬಂತು. ಏನಾದರೂ ಮಾಡಬೇಕಲ್ಲ ಎಂದು ಒಳಗೆ ಹೋಗಿ ನಾಲ್ಕು ಎಲೆ, ಒಂದು ಅಡಿಕೆ ತೆಗೆದ, ಹೊಗೆಸೊಪ್ಪಿನ ಡಬ್ಬಕ್ಕೆ ಕೈ ಹಾಕಿದ. ಎಪ್ಪತ್ತಾರು ವರ್ಷದವಳಿಗೆ ಕೊಡಲು ಈಗ ಯಾವ ಬೋರ್ಡೂ ಅಡ್ಡ ಬರುವ ಹಾಗಿರಲಿಲ್ಲ.

"ಅದು ಬ್ಯಾಡ" ಎಂದಳು ಚೌಡಕ್ಕ. ಬೆಳಗ್ಗೆ ಅವನು ಕೊಟ್ಟ ಪೊಟ್ಟಣವನ್ನೂ ಬಿಚ್ಚದೆ ಅವನ ಮುಂದಿಟ್ಟಳು. "ಬಾಯಿ ತೆಗೆಸಿ ನೋಡಿದ್ಲು. ಇನ್ ಮ್ಯಾಲೆ ಹೊಗೆಸೊಪ್ಪು ಹಾಕ್ಬ್ಯಾಡ, ಬಿಡ್ತೀಯಾ ಅಜ್ಜಿ ಅಂತ ಕೇಳಿದ್ಲು. ಹೂಂ ಅಂದ್ಬಿಟ್ಟೆ. ಅಷ್ಟೊತ್ತು ಕುಂತು ನನ್ ಮಾತು ಕೇಳಿದಾಕಿಗೆ ಇಲ್ಲ ಅಂತ ಹೆಂಗೆ ಅನ್ನಲಿ ಕಣಪ್ಪ?"